ಒಂಟಿ ಬಳೆ

ಮೊಮ್ಮಗಳು ನಿನ್ನೆ ಸಂತೆಯಿಂದ ಕೆಂಪು ಸೋಪೊಂದನ್ನು ತಂದಳು. ಮನೆಗೆ ಬಂದ ಯಾವ ವಸ್ತುವನ್ನೂ ಮೂಸದೆ ಒಳಗೆ ಬಿಡುವವಳಲ್ಲ ನಾನು. ಹಾಲಾದರೆ ಬೆರಳದ್ದಿ ನೋಡುತ್ತೇನೆ, ಬೇಳೆಯಾದರೆ ಕಲ್ಲು ಹುಡುಕುತ್ತೇನೆ. ಸಿಗದಿದ್ದರೆ ಅನುಮಾನ ಇನ್ನೂ ಹೆಚ್ಚುತ್ತದೆ. ಸೋಪನ್ನೂ ಮೂಸಿದೆ. ಥೇಟ್ ಆಸ್ಪತ್ರೆಯ ವಾಸನೆ. ಲಿಂಗಸುಗೂರಿನ ಆ ನರ್ಸಮ್ಮನ ಕೈ ಹೀಗೇ ನಾರುತ್ತಿತ್ತು, ನೋಡಿ.

ನಾನು ಮಸ್ಕಿಗೆ ಸೊಸೆಯಾಗಿ ಬಂದದ್ದು ರಜಾಕಾರರ ಗದ್ದಲ ಮುಗಿದು ಒಂದೆರಡು ವರ್ಷಕ್ಕೆ. ಆ ಗದ್ದಲದಲ್ಲಿ ಸಿಂಧನೂರಿನ ಕಡೆ ಹತ್ತಿ ನೋಡಲು ಹೋದ ನನ್ನ ಭಾವನವರು ತಿರುಗಿ ಬಂದಿರಲಿಲ್ಲ. ಅವರನ್ನು ಬಳಗಾನೂರಿನಲ್ಲಿ ಕಂಡೆ ಎಂದವರಿದ್ದರು, ಹೆಣವನ್ನೇ ಕಂಡೆ ಎಂದವರೂ ಇದ್ದರು. ಪಾಮನಕಲ್ಲೂರಿನ ಕಣಿ ಹೇಳುವವಳು ಬದುಕಿದ್ದಾರೆಂದಳು. ಪಂಚಾಂಗ ನೋಡುವ ಅಯ್ಯನವರು ಇಲ್ಲವೆಂದು ತಲೆ ಅಲ್ಲಾಡಿಸಿದರು. ಭಾವನವರ ಹೆಂಡತಿ, ನನ್ನ ನೆಗೆಣ್ಣಿ ನೀಲಮ್ಮಕ್ಕ ಮುತ್ತೈದೆಯೋ ಅಲ್ಲವೋ ಎಂಬುದು ಊರೇ ಕೂಡಿದರೂ ಬಗೆಹರಿಯಲಿಲ್ಲ.

ಆ ಗೊಂದಲವೆಲ್ಲ ಅವಳ ಮುಂಗೈ ಮೇಲೆಯೇ ಇತ್ತು. ಬಳೆಗಾರ ಬಂದಾಗಲೆಲ್ಲ ನನ್ನ ಕೈ ತುಂಬಿಸಿ, ಅತ್ತೆಯ ಮುಖ ನೋಡುತ್ತಿದ್ದ. "ದೊಡ್ಡ ಸೊಸಿಗೆ ಏನ್ ಮಾಡ್ಲಿರೀ, ಅಮ್ಮಾರೆ?"

"ಮುಂದಿನ ಸಲ ನೋಡೋಣು" ಎನ್ನುತ್ತಿದ್ದರು ಅತ್ತೆ.

ಹೊಸದನ್ನು ಇಡಿಸುವಂತಿಲ್ಲ, ಹಳೆಯದನ್ನು ತೆಗೆಸುವಂತಿಲ್ಲ. ಇದ್ದವು ಒಂದೊಂದಾಗಿ ಒಡೆದು, ಕೊನೆಗೆ ಬಲಗೈಯಲ್ಲಿ ಒಂದೇ ಹಸಿರು ಬಳೆ ಉಳಿಯಿತು. ಅದು ಒಡೆದರೆ ಭಾವನವರು ಸತ್ತಂತೆ ಎಂದು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ, ಎಲ್ಲರೂ ನಂಬಿದರು. ಅವಳಿಗೆ ಬೀಸುವುದು, ಕುಟ್ಟುವುದು ಬಂದ್ ಆಯಿತು. ಪಾಪ, ಅವಳು ನಿದ್ದೆಯಲ್ಲಿ ಮಗ್ಗುಲು ಬದಲಿಸಲೂ ಹೆದರುತ್ತಿದ್ದಳು. ಕೆಲಸವೆಲ್ಲ ನನ್ನ ಮೇಲೆ ಬಿತ್ತಲ್ಲ, ಇದು ನಾಟಕವೇನೋ ಎಂದು ನನಗೆ ಆಗಲೇ ಗುಮಾನಿ.

ಹೀಗಿರುವಾಗ ಲಿಂಗಸುಗೂರಿನ ತವರಿಗೆ ಹೋದ ನೀಲಮ್ಮಕ್ಕ ಗೆಲುವಾಗಿ ತಿರುಗಿ ಬಂದಳು. ಅಲ್ಲಿ ನೆರೆಮನೆಯ ಕ್ರೈಸ್ತ ನರ್ಸಮ್ಮನ ಪ್ರಾರ್ಥನೆಗೆ ಹೋಗಿದ್ದಳಂತೆ. ಮುಂದಿನ ಸಲ ಅತ್ತೆ ನನ್ನನ್ನು ಜೊತೆಗೆ ಕಳಿಸಿದರು. "ಏನ್ ತಿನ್ನಸ್ತಾರ, ಏನ್ ಕುಡಸ್ತಾರ, ನೋಡಿಕೊಂಡು ಬಾರವಾ." ಇಂಥ ಕೆಲಸಕ್ಕೆ ನನಗಿಂತ ಯೋಗ್ಯಳು ಸಿಗುತ್ತಿದ್ದಳೇ!

ನರ್ಸಮ್ಮ ಚಹಾ ಕೊಟ್ಟಳು. ಕುಡಿದರೆ ಮನಸ್ಸೇ ತಿರುಗುತ್ತದೆಂದು ನಂಬಿದ್ದ ನಾನು ಅದನ್ನು ಕಿಟಕಿಯಾಚೆ ಚೆಲ್ಲಿದೆ. ಪ್ರಾರ್ಥನೆ ಶುರುವಾದಾಗ ಸೆರಗಿನೊಳಗೆ ಕೊರಳ ಲಿಂಗವನ್ನು ಬಿಗಿಯಾಗಿ ಹಿಡಿದುಕೊಂಡು, ಎಲ್ಲರೂ ಕಣ್ಣು ಮುಚ್ಚಿದ್ದರೆ ನಾನೊಬ್ಬಳೇ ಪಿಳಿಪಿಳಿ ನೋಡುತ್ತ ಕೂತೆ. ಮಂತ್ರವಿಲ್ಲ, ತಾಯತವಿಲ್ಲ. ನೀಲಮ್ಮಕ್ಕ ಅಳುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. "ಇವರ ಯಜಮಾನರು ಅದಾರೋ ಇಲ್ಲೋ, ನಿಮ್ಮ ದೇವರು ಹೇಳ್ಯಾನೇನ್ರೀ?" ಎಂದು ಕೇಳಿಯೇಬಿಟ್ಟೆ.

"ಇಲ್ಲವಾ, ನನಗ ಗೊತ್ತಿಲ್ಲ," ಎಂದಳು ನರ್ಸಮ್ಮ. "ದೇವರಿಗೆ ಗೊತ್ತೈತಿ. ಈಕಿ ಜೋಡಿ ಆತ ಅದಾನ. ಅಷ್ಟ ನಾ ಹೇಳಾಕತ್ತೀನಿ."

ಗೊತ್ತಿಲ್ಲ ಎಂದು ಒಪ್ಪಿಕೊಂಡವರನ್ನು ನಮ್ಮ ಮನೆ ಅಲ್ಲಿಯವರೆಗೆ ಕಂಡಿರಲಿಲ್ಲ. ಇದೂ ಒಂದು ಹೂಟವೇ ಇರಬೇಕು ಎಂದುಕೊಂಡೆ.

ಮಸ್ಕಿಗೆ ಬಂದ ಮರುದಿನ ಬೆಳಿಗ್ಗೆ ಬೀಸುಕಲ್ಲಿನ ಸದ್ದು. ಹೋಗಿ ನೋಡಿದರೆ ನೀಲಮ್ಮಕ್ಕ ಜೋಳ ಬೀಸುತ್ತಿದ್ದಾಳೆ, ಬಲಗೈಯಿಂದಲೇ! ಅತ್ತೆ ಓಡಿ ಬರುವಷ್ಟರಲ್ಲಿ ಬಳೆ ಗೂಟಕ್ಕೆ ತಾಗಿ ಎರಡು ಹೋಳಾಯಿತು. ಅತ್ತೆ ಎದೆ ಬಡಿದುಕೊಂಡು ಅಲ್ಲೇ ಕುಸಿದರು. "ನನ್ನ ಮಗನ್ನ ಕೊಂದೆಲ್ಲಬೇ!"

ನೀಲಮ್ಮಕ್ಕ ಗಾಜು ಬಿದ್ದ ಹಿಟ್ಟನ್ನು ಬಳಿದು ಪಕ್ಕಕ್ಕಿಟ್ಟು ಅತ್ತೆಯ ಕೈ ಹಿಡಿದಳು. "ಅವರು ಎಲ್ಲಿ ಅದಾರ ಅನ್ನೋದು ಯೇಸುಸ್ವಾಮಿಗೆ ಗೊತ್ತೈತಿ, ಅತ್ತಿ. ಗಾಜಿಗೇನ್ ಗೊತ್ತೈತಿ?" ಎಂದಳು. ಮಿಕ್ಕ ಜೋಳವನ್ನೂ ಬೀಸಿ ಮುಗಿಸಿದಳು. ಮುಂದೆ ಬಳೆಗಾರ ಬಂದಾಗ, ಅವನು ಅತ್ತೆಯ ಮುಖ ನೋಡುವ ಮೊದಲೇ ತಾನಾಗಿ ಕೈ ಚಾಚಿದಳು. "ಇಡಪಾ. ನಾ ಬದುಕೀನಲ್ಲ."

ಭಾವನವರು ಬರಲಿಲ್ಲ, ಸುದ್ದಿಯೂ ಬರಲಿಲ್ಲ. ನೀಲಮ್ಮಕ್ಕ ಸಾಯುವವರೆಗೂ ಪ್ರಾರ್ಥನೆಗೆ ಹೋಗುತ್ತಿದ್ದಳು. ಅತ್ತೆ ತಾವಿರುವವರೆಗೂ ಬೈಯುತ್ತಿದ್ದರು. ನಾನೋ, ಅವಳ ಸಮಾಧಾನದ ಹಿಂದೆ ಏನೋ ಇದೆ ಎಂದು ವರ್ಷಗಟ್ಟಲೆ ಕಾವಲು ಕಾದೆ. ಬಾಗಿಲಿಗೆ ಕಿವಿ ಕೊಟ್ಟದ್ದೂ ಉಂಟು. ಒಮ್ಮೊಮ್ಮೆ ಅಳುತ್ತಿದ್ದಳು, ಅತ್ತು, ಎದ್ದು, ಮುಖ ತೊಳೆದು ರೊಟ್ಟಿ ಬಡಿಯುತ್ತಿದ್ದಳು. ಅಷ್ಟೇ ಸಿಕ್ಕಿದ್ದು.

ಅವಳ ದೇವರನ್ನು ನಾನು ಇವತ್ತಿಗೂ ನಂಬಿಲ್ಲ. ನನ್ನ ದೇವರನ್ನಾದರೂ ಪೂರ್ತಿ ನಂಬಿದ್ದೇನೆಯೇ, ಹೇಳಲಾರೆ. ಆದರೆ ಈ ಬೆಳಿಗ್ಗೆ ಹಿತ್ತಲಲ್ಲಿ ಒಬ್ಬಳೇ ಕೂತಿದ್ದಾಗ, ಜನ್ಮದಲ್ಲಿ ಯಾರಿಗೂ ಆಡದ ಮಾತೊಂದು ತಾನಾಗಿ ಬಾಯಿಗೆ ಬಂತು.

"ನಿನ್ನ ನಂಬೀನಿ, ಅಕ್ಕಾ."