ಮುಯ್ಯಿಯಲ್ಲಿ ಕೂಗದ ಹೆಸರು

ಕರೀಂಬಿ, ನನ್ನ ಅಕ್ಕನ ಮಗ ರಂಗನ ಹಡಗಿನ ಪರೀಕ್ಷೆಗೆ ದುಡ್ಡು ಕೊಟ್ಟವನು ನಾನಲ್ಲ. ಕೊಟ್ಟವಳು ನೀನು. ನಿನ್ನ ಗಂಡನ ಹೆಸರಿನಲ್ಲಿ ಕೊಟ್ಟೆ — ಆ ಹೆಸರನ್ನು ನುಂಗಿ, ಅದರ ಜಾಗದಲ್ಲಿ ನನ್ನ ಹೆಸರು ಕೂಗಿಕೊಂಡವನು ನಾನು. ಇಪ್ಪತ್ತು ವರ್ಷದ ಮೇಲಾಯಿತು. ಅಂದಿನಿಂದ ತರೀಕೆರೆ ಸಂತೆಯಲ್ಲಿ ನನ್ನನ್ನು 'ಹಡಗಿನ ಮಾವ' ಎಂದೇ ಕರೆಯುತ್ತಾರೆ. ಹಾಗೆ ಕರೆದಾಗಲೆಲ್ಲ ನನ್ನ ಕೈ ತಾನಾಗಿಯೇ ಮೀಸೆಗೆ ಹೋಗುತ್ತಿತ್ತು — ಅದನ್ನೂ ಒಪ್ಪಿಕೊಂಡುಬಿಡುತ್ತೇನೆ. ಇದನ್ನು ನಿನ್ನ ಮೊಮ್ಮಗ ಓದಿ ಹೇಳುತ್ತಾನೆ. ನಡುವೆ ಅವನಿಗೆ ನಗು ಬಂದರೆ ಗದರಬೇಡ. ನಗುವಂಥದ್ದೂ ಇದರಲ್ಲಿ ಬೇಕಾದಷ್ಟಿದೆ.

ರಂಗನಿಗೆ ಹಡಗಿನ ಹುಚ್ಚು ಹಿಡಿಸಿದವನೇ ನಿನ್ನ ಗಂಡ ಇಮಾಮ್ ಸಾಬಿ. ಬೊಂಬಾಯಿಯ ಹಡಗುಗಳಲ್ಲಿ ಒಲೆಗೆ ಕಲ್ಲಿದ್ದಲು ಎಸೆಯುವ ಖಲಾಸಿಯಾಗಿ ದುಡಿದು, ಎದೆಬೇನೆ ಹಚ್ಚಿಕೊಂಡು ಊರಿಗೆ ಮರಳಿದ್ದ. ಸಮುದ್ರವೆಂದರೆ ಬುಕ್ಕಾಂಬುಧಿ ಕೆರೆಗಿಂತ ತುಸು ದೊಡ್ಡದಿರಬೇಕು ಎಂದುಕೊಂಡಿದ್ದ ನಮಗೆಲ್ಲ ತರೀಕೆರೆಯ ನಿಮ್ಮ ಜಗಲಿಯ ಮೇಲೆ ಕೂತು ಅಲೆಗಳ ಕತೆ ಹೇಳುತ್ತಿದ್ದ. ಕೊನೆಗೆ ಪ್ರತಿಸಲವೂ ಅದೇ ಮಾತು: "ಸರ್ಟಿಫಿಕೇಟು ಇರೋನು ಎಂಜಿನ್ ನಡೆಸ್ತಾನೆ ಕಣಪ್ಪಾ, ಇಲ್ದೋನು ಬೆಂಕಿ ಮುಂದೆ ಬೇಯ್ತಾನೆ." ಆ ಪರೀಕ್ಷೆಗೆ ಕೂರಬೇಕೆಂದು ಅವನು ಕೂಡಿಡುತ್ತಲೇ ಇದ್ದ — ಒಮ್ಮೆ ತಂಗಿಯ ಮದುವೆ ಬಂತು, ಇನ್ನೊಮ್ಮೆ ಅಪ್ಪನ ಕಾಯಿಲೆ. ಪೂರ್ತಿ ಕೂಡುವ ಹೊತ್ತಿಗೆ ಮೆಟ್ಟಿಲು ಹತ್ತುವಷ್ಟು ಉಸಿರೂ ಅವನಲ್ಲಿ ಉಳಿದಿರಲಿಲ್ಲ. ಅವನು ಹೋದ ಮೇಲೂ ನೀನು ಆ ದುಡ್ಡನ್ನು ಮುಟ್ಟಲಿಲ್ಲ. ಬಳೆಯ ಮಲಾರ ಹೊತ್ತು ಅಜ್ಜಂಪುರದಿಂದ ಅಮೃತಾಪುರದವರೆಗೆ ಊರೂರು ತಿರುಗಿ ಮಕ್ಕಳನ್ನು ಸಾಕಿದೆ.

ರಂಗ ಹೋದದ್ದೂ ಬೊಂಬಾಯಿಗೇ. ಅಲ್ಲಿಯ ಹಡಗು ಕಾರ್ಖಾನೆಯಲ್ಲಿ ಸಂಬಳವಿಲ್ಲದೆ ಕೆಲಸ ಕಲಿಯಬೇಕು. ಊಟ, ಬಾಡಿಗೆಯೆಲ್ಲ ಮನೆಯವರ ತಲೆಯ ಮೇಲೆ. ಹಡಗಿನವರಿಗೆ ಕಲಿತವನು ಬೇಕು, ಆದರೆ ಕಲಿಸಲು ಅವರು ಕಾಸು ಬಿಚ್ಚುವುದಿಲ್ಲ. ಭಾವ ಒಂದು ಹೊಲ ಮಾರಿದ. ಕಲಿಕೆಯೂ ಮುಗಿಯಿತು, ಹಡಗಿನ ಮೇಲಿನ ದುಡಿಮೆಯೂ ಮುಗಿಯಿತು, ಪರೀಕ್ಷೆಯೊಂದು ಉಳಿಯಿತು — ಅದರ ಫೀಜು, ಪಾಠ ಹೇಳುವವನ ಕೂಲಿ, ಕಾಯುವ ತಿಂಗಳುಗಳ ಊಟ. ಇನ್ನೊಂದು ಹೊಲ ಮಾರುವುದಿಲ್ಲ ಎಂದು ಭಾವ ಪಟ್ಟು ಹಿಡಿದು ಕೂತ. ಆಗ ಉಪಾಯ ಹೇಳಿದವನು ನಾನೇ. "ಹುಡುಗನಿಗೆ ಮದ್ವೆ ಮಾಡ್ಬಿಡು ಭಾವ. ಮುಯ್ಯಿ ಬತ್ತದೆ, ಪರೀಕ್ಷೆ ಕಟ್ಬೋದು." ಮದುವೆಯ ಖರ್ಚು ಎಲ್ಲಿಂದ ಬರುತ್ತದೆ ಎಂದು ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ! ಕಡೂರಿನಲ್ಲಿ ಹೆಣ್ಣು ಗೊತ್ತಾಯಿತು.

ಮುಯ್ಯಿ ಕೂಗುವುದಕ್ಕೆ ಸುತ್ತಲ ಹಳ್ಳಿಗಳಿಗೆಲ್ಲ ನಾನೇ ಬೇಕು. ಯಾರು ಏನು ಹಾಕಿದರೆಂದು ಚಪ್ಪರವೆಲ್ಲ ಕೇಳುವ ಹಾಗೆ ಸಾರಬೇಕು. ಯಾರ ಹೆಸರು ಕೂಗಿದೆವೋ ಮುಂದೆ ಅವರ ಮನೆಯ ಮದುವೆಗೇ ಅದು ತಿರುಗಿ ಹೋಗಬೇಕು. ಮದುವೆಯ ಹಿಂದಿನ ದಿನ ನೀನು ನಮ್ಮ ತೋಟಕ್ಕೆ ಬಂದು, ಮಲಾರದ ಅಡಿಯಿಂದ ಗಂಟು ತೆಗೆದು ನನ್ನ ಕೈಗಿಟ್ಟೆ. ನೂರೈವತ್ತು ಬೆಳ್ಳಿ ರೂಪಾಯಿ.

"ನಾಳೆ ಅಜ್ಜಂಪುರದಾಗೆ ಇನ್ನೊಂದು ಮದ್ವೆಗೆ ಬಳೆ ತೊಡಿಸ್ಬೇಕು, ನಾನು ಬರಕಾಗಲ್ಲ. ಪರೀಕ್ಷೆಗೆ ಅಂತ್ಲೇ ಅವರು ಇಟ್ಟಿದ್ದು, ಪರೀಕ್ಷೆಗೇ ಹೋಗ್ಲಿ. ಕೂಗೋವಾಗ ಇಮಾಮ್ ಸಾಬಿ ಅಂತ ಕೂಗಿ ಗೌಡ್ರೇ. ಹಡಗಿನಾಗೆ ಅವರ್ನ ಯಾರೂ ಹೆಸ್ರು ಹಿಡಿದು ಕರೀಲಿಲ್ವಂತೆ."

ನೀನು ಕೇಳಿದ್ದು ಅಷ್ಟೇ.

ಮರುದಿನ ಕಡೂರಿನ ಬೀಗ ಹಾಲಪ್ಪ, ತಾನು ಹಾಕಿದ ಹಸು ಕರು ಎರಡನ್ನೂ ಕೂಗಿಸಿ, ಎಲೆಅಡಿಕೆ ಜಗಿಯುತ್ತ ನನ್ನತ್ತ ತಿರುಗಿದ. "ಸೋದರಮಾವನೋರು ಏನ್ ಹಾಕ್ತಾರೋ ನೋಡಾಣ. ಊರೋರ ಹೆಸ್ರು ಕೂಗೋದೇನು ದೊಡ್ಡ ಕೆಲ್ಸವಾ?" ಚಪ್ಪರ ಘೊಳ್ಳೆಂದಿತು. ನಾನು ತಂದದ್ದು ಎರಡು ರೂಪಾಯಿ, ಒಂದು ಹಿತ್ತಾಳೆ ಚೊಂಬು. ಕೈಯಲ್ಲಿ ನಿನ್ನ ಗಂಟಿತ್ತು. ಬಾಯಿ ತೆರೆದೆ — ಇಮಾಮ್ ಎಂದೇ ಹೇಳಬೇಕೆಂದಿದ್ದೆ… ಇದ್ದೆನೋ ಇಲ್ಲವೋ, ಈಗ ನನಗೇ ನಂಬಿಕೆಯಿಲ್ಲ. ಬಂದ ಮಾತು ಇದು:

"ಸೋದರಮಾವ, ಅಮೃತಾಪುರದ ನಂಜೇಗೌಡ, ಹಡಗಿನ ಪರೀಕ್ಷೆಗೆ, ನೂರೈವತ್ತು ರೂಪಾಯಿ!"

ಯಾರೂ ಹೇಳದೆಯೇ ವಾಲಗದವರು ಊದಿಬಿಟ್ಟರು. ಹಾಲಪ್ಪ ಜಗಿಯುವುದನ್ನು ಮರೆತ. ಅಕ್ಕ ಗಳಗಳನೆ ಅತ್ತಳು. ರಂಗ ಬಂದು ನನ್ನ ಕಾಲಿಗೆ ಬಿದ್ದ. ಆಗಲಾದರೂ ಅವನನ್ನು ಎತ್ತಿ ನಿಲ್ಲಿಸಿ ನಿಜ ಹೇಳಬಹುದಿತ್ತು — ನಾನು ತಲೆಯ ಮೇಲೆ ಕೈಯಿಟ್ಟು ಆಶೀರ್ವಾದ ಮಾಡಿದೆ. ಹೆಂಡತಿ ಪುಟ್ಟವ್ವನಿಗೆ, ಕೊಬ್ಬರಿ ಮಾರಿ ಗುಟ್ಟಾಗಿ ಇಟ್ಟಿದ್ದೆ ಎಂದೆ. ಗುಟ್ಟು ಮಾಡಿದ್ದಕ್ಕೆ ಎರಡು ದಿನ ಬೈದಳು, ಮೂರನೆಯ ದಿನದಿಂದ ಊರಿಗೆಲ್ಲ ಹೇಳಿಕೊಂಡು ಮೆರೆದಳು.

ಆ ವಾರವೇ ನೀನು ಬಂದೆ. ಒಳಗೆ ಪುಟ್ಟವ್ವನಿಗೆ ಬಳೆ ತೊಡಿಸಿ, ಹೊರಗೆ ಜಗಲಿಗೆ ಬಂದು ನಿಂತೆ. "ಗೌಡ್ರೇ, ನಮ್ಮೋರ ಹೆಸ್ರು ಕೂಗಿದ್ರಾ?"

"ಕೂಗ್ದೆ ಕಣವ್ವ," ಎಂದೆ.

"ಜೋರಾಗಿ?"

"ಕೆರೆ ಏರಿವರ್ಗೂ ಕೇಳಿಸಿರ್ಬೇಕು."

ನೀನು ನಕ್ಕೆ. ನಾನೂ ನಕ್ಕೆ. ನೀನು ಮಲಾರ ಎತ್ತಿ ಹೆಗಲಿಗೆ ಹಾಕಿಕೊಂಡು ಹೊರಟುಹೋದೆ.

ಆಮೇಲೆ ರಂಗ ಪಾಸಾದ. ಬೊಂಬಾಯಿಯಿಂದ ಮಂಗಳೂರಿಗೆ ಹೋಗುವ ಹಡಗಿನಲ್ಲಿ ಎಂಜಿನ್ ನಡೆಸಿದ. ನನಗೊಂದು ರೇಷ್ಮೆ ಕೊಡೆ ತಂದ, ಎಂಟಕ್ಕೆ ಹತ್ತು ಹೊಡೆಯುವ ಗಡಿಯಾರ ತಂದ. ಅಮಲ್ದಾರರು ಕಚೇರಿಯಲ್ಲಿ ನನಗೆ ಕುರ್ಚಿ ಹಾಕಿಸಿದರು. ಬುಕ್ಕಾಂಬುಧಿಯವನೊಬ್ಬ ತನ್ನ ಮಗನನ್ನು ಕರೆತಂದು, "ನಮ್ ಹುಡ್ಗ ಕೆರೇಲಿ ಹರಿಗೋಲು ಭಾರಿ ಚೆನ್ನಾಗಿ ಹಾಕ್ತಾನೆ, ಇವನ್ನೂ ದುಡ್ಡು ಕೊಟ್ಟು ಹಡಗಿಗೆ ಹಾಕ್ಸಿ" ಎಂದು ದುಂಬಾಲು ಬಿದ್ದ. ಈ ವರ್ಷ ತೆಂಗು ಕೈಕೊಟ್ಟಿದೆ ಎಂದು ಸಾಗಹಾಕಿದೆ. ಅವನ ಮುಖ ನೋಡಲು ಅವತ್ತು ನನಗೆ ಕಷ್ಟವಾಯಿತು. ನಿನ್ನ ಕೈಯಲ್ಲಿದ್ದದ್ದು ಅಷ್ಟೇ ದುಡ್ಡು, ನೀನು ಕೊಟ್ಟೆ; ನನಗೆ ತೋಟವೇ ಇತ್ತು.

ನನ್ನ ಮಗಳ ಮದುವೆಯಲ್ಲಿ ರಂಗ ಆ ಮುಯ್ಯಿಯನ್ನು ಎರಡರಷ್ಟು ಮಾಡಿ ತಿರುಗಿಸಿದ. ನೀನು ಅಲ್ಲೇ ಇದ್ದೆ, ಒಳಗೆ ಹೆಂಗಸರಿಗೆ ಬಳೆ ತೊಡಿಸುತ್ತಿದ್ದೆ. ನಿನಗೆ ಬರಬೇಕಾದದ್ದನ್ನು ನಾನು ಎರಡೂ ಕೈಯೊಡ್ಡಿ ತೆಗೆದುಕೊಂಡೆ. ಬಾಗಿಲ ಕಡೆ ಮಾತ್ರ ತಿರುಗಿ ನೋಡಲಿಲ್ಲ.

ಇಷ್ಟೂ ವರ್ಷ ನಾನೊಂದು ಸಮಾಧಾನ ಇಟ್ಟುಕೊಂಡಿದ್ದೆ — ಜಗಲಿಯ ಮೇಲೆ ಕೇಳಿದ ದಿನ ನಿನಗೆ ಏನೂ ಗೊತ್ತಿರಲಿಲ್ಲ, ಖುಷಿಯಾಗಿಯೇ ಹೋದೆ ಎಂದು. ಮೊನ್ನೆ ಪುಟ್ಟವ್ವ ಹಪ್ಪಳ ಒಣಹಾಕುತ್ತ ಹಳೆಯದೆಲ್ಲ ನೆನೆಸಿಕೊಂಡಳು. "ನೀವು ಅಷ್ಟು ದುಡ್ಡು ಕೊಟ್ಟಿದ್ದನ್ನ ನಾನು ಮೊದ್ಲು ಹೇಳಿದ್ದೇ ಕರೀಂಬಿಗೆ ಕಣ್ರೀ. ಬಳೆ ತೊಡಿಸ್ತಾ ಇದ್ಲು. ಕೇಳಿ ಒಂದ್ ಗಳಿಗೆ ಕೈ ನಿಲ್ಲಿಸ್ಬಿಟ್ಲು. ಆಮೇಲೆ, 'ಒಳ್ಳೇದಾಯ್ತು ಬಿಡವ್ವ, ಹುಡ್ಗ ಪರೀಕ್ಷೆ ಕಟ್ಲಿ' ಅಂದ್ಲು."

ಹಾಗಾದರೆ ನೀನು ಎಲ್ಲ ತಿಳಿದೇ ಹೊರಗೆ ಬಂದಿದ್ದೆ. ತಿಳಿದೇ ಕೇಳಿದೆ. ನಾನು ನಿಜ ಹೇಳಲಿ ಎಂದು ಒಂದಲ್ಲ, ಎರಡು ಸಲ ಕೇಳಿದೆ — ನಾನು ಕೆರೆ ಏರಿಯ ಮಾತಾಡಿದೆ. ನೀನು ಏಕೆ ಜಗಳ ತೆಗೆಯಲಿಲ್ಲ? ರಂಗನ ಪರೀಕ್ಷೆಗೆ ಎಲ್ಲಿ ಅಡ್ಡಿಯಾಗುತ್ತದೋ ಎಂದೋ, ಅಥವಾ… ಅದನ್ನು ಊಹಿಸುವ ಹಕ್ಕೂ ನನಗಿಲ್ಲ. ಮೊನ್ನೆಯಿಂದ ಆ ಗಡಿಯಾರ ಹೊಡೆದರೆ ನಾಚಿಕೆಯಾಗುತ್ತದೆ.

ರಂಗ ತಿರುಗಿಸಿದ ದುಡ್ಡಿನಲ್ಲಿ ಕೊಂಡ ತೆಂಗಿನ ಸಾಲನ್ನು ನಿನ್ನ ಮೊಮ್ಮಗನ ಹೆಸರಿಗೆ ಖಾತೆ ಮಾಡಿಸಲು ಅರ್ಜಿ ಕೊಟ್ಟಿದ್ದೇನೆ. ಅದು ನಾನು ಕೊಡುವುದಲ್ಲ, ನಿಮ್ಮದೇ. ಪುಟ್ಟವ್ವನಿಗೂ ಹೇಳಿದೆ, ಈ ಸಲ ಬೈಯಲಿಲ್ಲ, ಮಾತೇ ಬಿಟ್ಟಿದ್ದಾಳೆ. ಬೈದಿದ್ದರೆ ಚೆನ್ನಾಗಿತ್ತು.

ಬರುವ ಸೋಮವಾರ ತರೀಕೆರೆಯಲ್ಲಿ ರಂಗನ ಮಗಳ ಮದುವೆ. ಮುಯ್ಯಿ ಕೂಗಲು ಮತ್ತೆ ನನ್ನನ್ನೇ ಕರೆದಿದ್ದಾರೆ. ಮೊದಲು ಕೂಗುವುದು ಖಲಾಸಿ ಇಮಾಮ್ ಸಾಬಿಯ ಹೆಸರು. ಅವನು ಏನು ಕೊಟ್ಟ, ಯಾತಕ್ಕೆ ಕೊಟ್ಟ, ಅದನ್ನು ತನ್ನದೆಂದು ಹೇಳಿಕೊಂಡು ತಿರುಗಿದವನು ಯಾರು — ಎಲ್ಲವನ್ನೂ ಕೂಗುತ್ತೇನೆ. ರಂಗನೂ ಚಪ್ಪರದಲ್ಲಿ ಎಲ್ಲರ ಜೊತೆಗೇ ಕೇಳಲಿ.

ನನ್ನ ಗಂಟಲು ಮೊದಲಿನ ಹಾಗಿಲ್ಲ. ನಿನಗೂ ಕಿವಿ ಮಂದವಾಗಿದೆಯಂತೆ. ಮುಂದೆಯೇ ಬಂದು ಕೂತುಕೋ ಕರೀಂಬಿ. ಸರಿಯಾಗಿ ಕೇಳಿಸದಿದ್ದರೆ ಕೈ ಎತ್ತು, ಇನ್ನೊಮ್ಮೆ ಕೂಗುತ್ತೇನೆ.