ಕೆಮ್ಮಿನ ಸಮೇತ ಕಲಿತ ಹಾಡು

ಹಿಂದೂಪುರದ ಕಡೆ ಹೋಗುವ ಪ್ಯಾಸೆಂಜರ್ ರೈಲಿನಲ್ಲಿ ನನಗೆ ಕಿಟಕಿ ಸೀಟು ಸಿಕ್ಕಿತು, ನನ್ನ ಟೇಪ್ ರೆಕಾರ್ಡರಿಗೆ ನನ್ನ ತೊಡೆ ಸಿಕ್ಕಿತು. ನಾಲ್ಕು ಊರುಗಳ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಒಂದು ವಾರ ಹಾಡು ಹೇಳಿಕೊಡುವುದು, ಜೊತೆಗೆ ಕಿವಿಗೊಟ್ಟು ಕೇಳುವುದನ್ನೂ ಕಲಿಸುವುದು ನಾನು ಹೊತ್ತುಕೊಂಡ ಕೆಲಸ. ಅನುಮತಿ ಕೇಳಲು ಮೊದಲೇ ಚಿಕ್ಕಬಳ್ಳಾಪುರಕ್ಕೆ ಹೋಗಿದ್ದಾಗ ಅಲ್ಲಿನ ಶಿಕ್ಷಣಾಧಿಕಾರಿಗಳು ಹಾಡಿಗೆ ಒಪ್ಪಿದರು, ಕೇಳುವ ವಿಷಯಕ್ಕೆ ನಕ್ಕರು.

“ಕಿವಿ ದೇವ್ರೇ ಕೊಟ್ಟವ್ನೆ ಮೇಡಂ, ಅದಕ್ಕೂ ಒಂದು ಪೀರಿಯಡ್ ಬೇಕಾ? ಶನಿವಾರ ನಾಲ್ಕೂ ಕಡೆ ಮಕ್ಕಳನ್ನ ಇಲ್ಲಿ ಸೇರಿಸಿ ತೋರಿಸಿ. ಸರಿ ಅನ್ನಿಸಿದ್ರೆ ವರ್ಷಪೂರ್ತಿ ಕೊಡ್ತೀನಿ. ಇಲ್ದಿದ್ರೆ ಆಗಸ್ಟ್ ಹದಿನೈದಕ್ಕೆ ಎರಡು ಹಾಡು ಕಲಿಸಿ, ಸಾಕು.”

ನನಗೆ ಆ ಪೀರಿಯಡ್ಡು ಬೇಕೇ ಬೇಕಿತ್ತು. ಹಾಡುವವರು ಬೀದಿಗೆ ಹತ್ತು ಜನ ಸಿಗುತ್ತಾರೆ, ಕೇಳುವವರೇ ಇಲ್ಲ ಎನ್ನುವುದು ನನ್ನ ಹಳೆಯ ಗೊಣಗಾಟ.

ರೈಲು ಮಾಕಳಿದುರ್ಗದ ಬಂಡೆಗಳ ನಡುವೆ ಹಾದು, ತೊಂಡೇಬಾವಿಯಲ್ಲಿ ಬೀಗರನ್ನು ಕಾಯುವಂತೆ ಬಹಳ ಹೊತ್ತು ನಿಂತಿತು. ಅಲ್ಲಿ ಹುರಿದ ಕಡಲೆಕಾಯಿ ಕೊಂಡೆ, ಪೊಟ್ಟಣಕ್ಕೆ ಎರಡು ರೂಪಾಯಿ. ಬಾಯಿಚಪಲ ಬಿಡುತ್ತದೆಯೇ? ಗೌರಿಬಿದನೂರಿನಲ್ಲಿ ಇಳಿಯುವ ಹೊತ್ತಿಗೆ ಗಂಟಲು ಕೆರೆಯತೊಡಗಿತ್ತು.

ಅಲ್ಲಿನ ಮುಖ್ಯೋಪಾಧ್ಯಾಯಿನಿ ವೆಂಕಟಲಕ್ಷ್ಮಮ್ಮ ಮೊದಲೇ ಹೇಳಿದರು: “ನಮ್ಮ ಮಕ್ಳು ಭಾರೀ ಚೂಟಿ. ನಾವು ಹೆಂಗೆ ಹೇಳ್ಕೊಟ್ರೆ ಹಂಗೇ ಹೇಳ್ತಾವೆ.” ಅದು ಎಷ್ಟು ನಿಜವೆಂದು ಹಾಡು ಶುರುವಾದ ಮೇಲೆ ತಿಳಿಯಿತು. ನಾನೇ ಕಟ್ಟಿದ ಮೋಡದ ಹಾಡು. ಮೊದಲ ಸಾಲು ಹಾಡಿದೆ, ಕೆಮ್ಮಿದೆ, ಎರಡನೇ ಸಾಲು ಹಾಡಿದೆ. ಮಕ್ಕಳು ಮೊದಲ ಸಾಲು ಹಾಡಿದರು, ಕೆಮ್ಮಿದರು, ಎರಡನೇ ಸಾಲು ಹಾಡಿದರು.

“ಕೆಮ್ಮು ಬೇಡ” ಎಂದೆ.

“ಕೆಮ್ಮು ಬೇಡ!” ಎಂದು ಇಡೀ ತರಗತಿ ರಾಗವಾಗಿ ಕೂಗಿತು.

ಮಗ್ಗಿಯಿಂದ ಪದ್ಯದವರೆಗೆ ಎಲ್ಲವನ್ನೂ ಹೀಗೆ ಹೇಳಿಕೊಟ್ಟಂತೆ ಹೇಳಿಯೇ ಕಲಿತ ಮಕ್ಕಳು. ಸಂಜೆಯವರೆಗೂ ಹೆಣಗಿದೆ. ಕೂಗು ಬಿಟ್ಟರು, ಕೆಮ್ಮು ಬಿಡಲಿಲ್ಲ.

ಮರುದಿನ ಮಂಚೇನಹಳ್ಳಿಯ ಮೇಲೆ ಬಸ್ಸಿನಲ್ಲಿ ಚಿಕ್ಕಬಳ್ಳಾಪುರ. ಅಲ್ಲಿನ ಮಕ್ಕಳು ಕಣ್ಣು ಮುಚ್ಚಿ ಕೇಳುವ ಆಟವನ್ನು ಬೇಗ ಹಿಡಿದರು. ಶಾಲೆ ರಸ್ತೆಯ ಮೇಲೇ ಇದ್ದುದರಿಂದ ಹಾರನ್ನಿನಲ್ಲೇ ಲಾರಿ ಯಾವುದು, ಬಸ್ ಯಾವುದು ಎಂದು ಹೇಳಿಬಿಡುತ್ತಿದ್ದರು. ಬುಧವಾರ ಚಿಂತಾಮಣಿ. ಅಂಬಾಜಿದುರ್ಗದ ಕಡೆಯಿಂದ ಬಿಸಿಗಾಳಿ ಬೀಸುತ್ತಿತ್ತು, ಮಕ್ಕಳೋ ಹಾಡೆಂದರೆ ತುಟಿಪಿಟಕ್ಕೆನ್ನಲಿಲ್ಲ. ಕೊನೆಗೆ ಒಬ್ಬಳು ಹುಡುಗಿ ಎದ್ದು, “ಮೇಡಂ, ನಮ್ಮವ್ವ ಹೇಳೋದೆಲ್ಲ ತೆಲುಗು ಪಾಟ. ಅದಾದ್ರೆ ಬತ್ತದೆ, ಪರ್ವಾಗಿಲ್ವಾ?” ಎಂದಳು. ಪಾಟವೋ ಹಾಡೋ, ಧಾರಾಳವಾಗಿ ಹಾಡಮ್ಮ ಎಂದೆ. ಅವಳು ಹಾಡಿದ್ದೇ ತಡ, ಎಲ್ಲರೂ ಬಾಯಿ ಬಿಟ್ಟರು. ಆಮೇಲೆ ನನ್ನ ಕನ್ನಡದ ಹಾಡಿಗೂ ಒಂದು ತೆಲುಗು ಬಳುಕು ಬಂತು. ನನ್ನ ಧಾಟಿಗಿಂತ ಅದೇ ಚೆನ್ನಾಗಿತ್ತು, ತಿದ್ದಲು ಹೋಗಲಿಲ್ಲ.

ಗುರುವಾರ ಶಿಡ್ಲಘಟ್ಟಕ್ಕೆ ಬಂದು ಅಲ್ಲಿನ ಮಕ್ಕಳಿಗೆ ಕೊಳಲಿನ ಕ್ಯಾಸೆಟ್ ಹಾಕಿದೆ. ಏನು ಕೇಳಿಸಿತು ಎಂದರೆ ಎಲ್ಲರೂ ಕೊಳಲು ಎಂದರು. ಮೂರನೇ ತರಗತಿಯ ಮಂಜುಳ ಮಾತ್ರ, “ಮೊದ್ಲು ಹುಳ ಸೊಪ್ಪು ತಿಂದಂಗೆ ಸದ್ದಾಯ್ತು ಮೇಡಂ, ಆಮ್ಯಾಕೆ ಕೊಳಲು ಬಂತು” ಎಂದಳು. ಉಳಿದವರು ಗೊಳ್ಳೆಂದರು. ಮತ್ತೆ ಹಾಕಿ ಕೇಳಿದೆ. ಹೌದು, ಕೊಳಲಿಗೆ ಮುಂಚೆ ಹಳೆಯ ಟೇಪಿನ ಸರಸರ ಸದ್ದಿತ್ತು.

ಸಂಜೆ ಅವಳ ಜೊತೆ ಮನೆಗೆ ಹೋದೆ. ಮನೆಯವರು ರೇಷ್ಮೆ ಹುಳು ಸಾಕುತ್ತಾರೆ. “ಹೊರಗಿನೋರು ಒಳಕ್ಕೆ ಬಂದ್ರೆ ಹುಳಕ್ಕೆ ಆಗಲ್ಲಮ್ಮ, ಬೇಜಾರಾಗ್ಬೇಡಿ” ಎಂದು ಅವಳ ತಾಯಿ ಬಾಗಿಲಲ್ಲೇ ನಿಲ್ಲಿಸಿದರು. ಅಲ್ಲಿಂದಲೇ ಕೇಳಿದೆ. ತಟ್ಟೆ ತಟ್ಟೆಯಲ್ಲೂ ಹುಳುಗಳು ಸೊಪ್ಪು ಮೇಯುತ್ತಿದ್ದವು, ಒಳಗೆಲ್ಲ ಜಿಟಿಜಿಟಿ ಮಳೆಯ ಸದ್ದು. “ಈ ಸದ್ದು ನಿಂತ್ರೆ ಸೊಪ್ಪು ಮುಗೀತು ಅಂತ. ನಾನೇ ಅಮ್ಮಂಗೆ ಹೇಳೋದು” ಎಂದಳು ಮಂಜುಳ. ನನಗೆ ಕುಣಿಯುವಷ್ಟು ಖುಷಿಯಾಯಿತು. ಶುಕ್ರವಾರವೂ ಅಲ್ಲೇ ಉಳಿದುಬಿಟ್ಟೆ.

ಶನಿವಾರ ನಾಲ್ಕೂ ಶಾಲೆಗಳ ಮಕ್ಕಳು ಚಿಕ್ಕಬಳ್ಳಾಪುರದ ಶಾಲೆಯ ಹಾಲ್‌ನಲ್ಲಿ ಸೇರಿದರು. ಅಧಿಕಾರಿಗಳು ಬರುವಾಗ ಊಟದ ಹೊತ್ತು ಸಮೀಪಿಸಿತ್ತು. ಮೋಡದ ಹಾಡು ಎದ್ದಿತು, ಮೊದಲ ಸಾಲು ಸೊಗಸಾಗಿ ಮುಗಿಯಿತು. ಗೌರಿಬಿದನೂರಿನ ಮಕ್ಕಳು, ತಾಳ ತಪ್ಪದಂತೆ, ಕೆಮ್ಮಿದರು. ನಾನು ಇಂಗು ತಿಂದ ಮಂಗನಂತೆ ನಿಂತೆ. ಅಧಿಕಾರಿಗಳು ಹುಬ್ಬು ಗಂಟಿಕ್ಕಿದರು. ಪೀರಿಯಡ್ಡು ಕೈತಪ್ಪಿತು ಎಂದುಕೊಂಡೆ.

“ಸರಿ, ಆ ಕೇಳೋ ಪಾಠ ತೋರ್ಸಿ” ಎಂದರು ಅವರು, ಬೇಗ ಮುಗಿಸುವ ಧಾಟಿಯಲ್ಲಿ.

ಮಕ್ಕಳು ಕಣ್ಣು ಮುಚ್ಚಿದರು. ಒಂದು ನಿಮಿಷ ಹಾಗೇ ಕಿವಿಗೊಟ್ಟು ಕೂತರು. ಕಣ್ಣು ಬಿಟ್ಟ ಮೇಲೆ ಅಧಿಕಾರಿಗಳೇ ಕೇಳಿದರು: ಏನೇನು ಕೇಳಿಸ್ತು? ಫ್ಯಾನು ಕಿರುಗುಟ್ಟಿದ್ದು, ಸೂರಿನಲ್ಲಿ ಪಾರಿವಾಳ, ದೂರದ ಬಸ್ಸು. ಮಂಜುಳ ಕೈಯೆತ್ತಿ, ಮತ್ತೆ ಇಳಿಸಿದಳು.

“ಹೇಳಮ್ಮ, ಹೆದರ್ಕೋಬೇಡ.”

“ಸಾರ್, ನಿಮ್ಮ ಹೊಟ್ಟೆ ಗುರ್ ಅಂತು. ಎರಡು ಸಲ.”

ಅಧಿಕಾರಿಗಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಗಲು ಶುರುಮಾಡಿದರು. “ತಿಂಡಿ ತಿಂದಿಲ್ಲ ಕಣಮ್ಮ ಬೆಳಿಗ್ಗೆಯಿಂದ. ನಮ್ಮ ಆಫೀಸಲ್ಲಿ ಒಬ್ರಿಗೂ ಕೇಳಿಸ್ಲಿಲ್ಲ ನೋಡು!” ಆಮೇಲೆ ನನ್ನ ಕಡೆ ತಿರುಗಿದರು. “ವಾರಕ್ಕೊಂದು ಪೀರಿಯಡ್ ತಗೊಳ್ಳಿ ಮೇಡಂ. ಆದ್ರೆ ಊಟ ಆದ್ಮೇಲೆ ಇಟ್ಕೊಳ್ಳಿ.”

ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಬೆಂಗಳೂರು ಬಸ್ಸಿನ ಪಕ್ಕದಲ್ಲೇ ಗೌರಿಬಿದನೂರಿನ ಬಸ್ಸು ನಿಂತಿತ್ತು, ಕಿಟಕಿ ತುಂಬ ಅದೇ ಮಕ್ಕಳು. ಗದ್ದಲದಲ್ಲಿ ಹೋಗಿ ಬನ್ನಿ ಎಂದರೆ ಕೇಳಿಸುವಂತಿರಲಿಲ್ಲ. ನನ್ನ ಬಸ್ಸು ಹೊರಟಾಗ ಕಿಟಕಿಯಿಂದ ತಲೆ ಹೊರಹಾಕಿ ಒಮ್ಮೆ ಗಟ್ಟಿಯಾಗಿ ಕೆಮ್ಮಿದೆ. ಇಡೀ ಬಸ್ಸು ತಿರುಗಿ ಕೆಮ್ಮಿತು, ವೆಂಕಟಲಕ್ಷ್ಮಮ್ಮನವರೂ ಸೇರಿ.