ಸ್ಟೇರಿಂಗ್ ತಾನೇ ಮೇಲೆದ್ದಾಗ

ಹಳೇ ಕಾರಿನ ಸ್ಟೇರಿಂಗ್ ಕಂಬದ ತಲೆ ಯಾರೂ ಮುಟ್ಟದೆ 'ಟಕ್' ಅಂತ ಮೇಲೆದ್ದಿತು, ಒಳಗೆ ಕೂತವರು ಇಳಿಯಲು ಜಾಗ ಮಾಡಿಕೊಂಡ ಹಾಗೆ. ಮಟಮಟ ಮಧ್ಯಾಹ್ನದಲ್ಲೂ ನನ್ನ ಮೈ ತಣ್ಣಗಾಯಿತು.

ಆದೋನಿಯ ನಮ್ಮ ಶೆಡ್ಡಿನಲ್ಲಿ ಮೊಮ್ಮಗಳು ಗೀತಾ ಆ ಫಾರಿನ್ ಕಾರನ್ನು ಬಿಚ್ಚಿ ಹೊಸದು ಮಾಡುತ್ತಿದ್ದಳು. ಹತ್ತಿ ಮಿಲ್ಲಿನ ಸಾಹುಕಾರರು ಹಳೇದಾಯ್ತು ಅಂತ ನಮಗೇ ಬಿಟ್ಟ ಕಾರು ಅದು. ಓಡಿಸುತ್ತಿದ್ದವರು ನನ್ನ ಯಜಮಾನರು, ಈಗ ಅವರಿಲ್ಲ. ಹೊಟ್ಟೆ ದಪ್ಪ ಇದ್ದ ಅವರು ಪಕ್ಕದ ಲಿವರ್ ಎಳೆದು, ಮೇಲೆ ಕೆಳಗೆ ವಾಲುವ ಆ ಸ್ಟೇರಿಂಗನ್ನು ಮೇಲೆತ್ತಿಯೇ ಇಳಿಯುತ್ತಿದ್ದರು. ಅವತ್ತು ಗೀತಾ ಸ್ಟೇರಿಂಗಿನ ಚಕ್ರ ತೆಗೆದಿದ್ದಳು, ಬರೀ ಕಂಬ ಉಳಿದಿತ್ತು. ಕಬ್ಬಿಣ ಬಿಚ್ಚುವ ಮುಂಚೆ ಕುಂಕುಮ ಇಡಬೇಕಲ್ಲ ಅಂತ ನಾನೇ ಕಂಬದ ತಲೆಯನ್ನು ಕೆಳಗೆ ಬಗ್ಗಿಸಿಕೊಂಡಿದ್ದೆ. ಅದನ್ನು ಗಮನಿಸದೆ ಅವಳು ಒಳಗಿನ ಸ್ಪ್ರಿಂಗಿನ ಮುಚ್ಚಳ ತೆಗೆಯಲು ಮುಖ ಹತ್ತಿರ ತಂದಳು. ಆಗಲೇ ಅದು ಎದ್ದದ್ದು.

"ಪಕ್ಕಕ್ಕ ಸರಿಯವ್ವ, ನಿಮ್ಮ ತಾತ ಇಳೀತಾರ," ಅಂದೆ.

"ಸುಮ್ನಿರಜ್ಜಿ, ಒಳಗ ಲಾಕಿನ ಹಲ್ಲು ಸವೆದಿರ್ತಾವ, ತಾನೇ ಜಾರ್ತದ," ಅಂದಳು. ಆಮೇಲೆ ಅವಳ ದನಿ ಇಳಿಯಿತು. "ಕಂಬ ಕೆಳಗ ಇದ್ದಾಗ ಸ್ಪ್ರಿಂಗ್ ಬಿಗಿ ಇರ್ತದ, ಆಗ ಬಿಚ್ಚಿದ್ರ ನೇರ ಕಣ್ಣಿಗೇ ಹೊಡೀತಿತ್ತು. ನಾ ಲಿವರ್ ಮುಟ್ಟೇ ಇಲ್ಲಜ್ಜಿ."

ಗ್ರೀಸ್ ಮೆತ್ತಿದ ಆ ಮುಖ ಹಿಡಿದು ಎರಡೂ ಕಣ್ಣಿಗೆ ಮುತ್ತು ಕೊಟ್ಟೆ.

ಈಗ ಕಾರು ಓಡುತ್ತದೆ, ನನ್ನ ಕೂಸು ರಾಣಿಯ ಹಾಗೆ ಓಡಿಸುತ್ತಾಳೆ. ಖುಷಿಗೆ ಓಣಿಗೆಲ್ಲ ಸಕ್ಕರೆ ಹಂಚಿದೆ. ಅವಳು ಒಬ್ಬಳೇ ಕೌತಾಳಂ ಕಡೆ ಹೊರಟರೂ ನಾನು ಬಾಗಿಲಲ್ಲಿ ನಿಂತು, "ಇಬ್ಬರೂ ಹುಷಾರಾಗಿ ಹೋಗಿ ಬರ್ರಿ," ಅಂತಲೇ ಕಳಿಸುತ್ತೇನೆ.